‘ಎದ್ದು ಕಾಣು’ ಇದೆ, ಅದರ ಎದುರು ಪದ ಯಾವುದು?

ಗೆಳೆಯರೇ,

ಒಂದು ಪದಕ್ಕಾಗಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ಮನೆ ಹಿಂದಿನ ಖಾಲಿ ಜಾಗದಲ್ಲಿ ಒಂದು ಜೋಡಿ ಟಿಟ್ಟಿಭ ಮೊಟ್ಟೆ ಇಟ್ಟಿವೆ. ಅದೇ, ಕಣ್ಣಿನ ಮುಂದೆ ಕೆಂಪು ಚರ್ಮ, ಉದ್ದನೆಯ ಹಳದಿ ಕಾಲು, ಯಾರಾದರೂ ಹತ್ತಿರ ಬಂದರೆ ರಂಪ ಎಬ್ಬಿಸುವ ಹಕ್ಕಿ. ದಿನಾ ಕಿಟಕಿಯಿಂದ ನೋಡುತ್ತೇನೆ. ನೋಡಿದ್ದನ್ನು ಬರೆದಿಡೋಣ ಅಂತ ಕೂತರೆ ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ.

ಮೊದಲ ದಿನ ಆದದ್ದು ಇಷ್ಟು. ಕೂತಿದ್ದ ಹಕ್ಕಿ ಎದ್ದು, ತಲೆ ತಗ್ಗಿಸಿಕೊಂಡು ಸದ್ದಿಲ್ಲದೆ ನಡೆದು ಹೋಯಿತು. ಅದು ಎದ್ದ ಜಾಗದಿಂದ ನಾನು ಕಣ್ಣು ತೆಗೆಯಲಿಲ್ಲ. ಆದರೂ ಅಲ್ಲಿ ಕಂಡದ್ದು ಬರೀ ಜಲ್ಲಿಕಲ್ಲು. ಬೈನಾಕ್ಯುಲರ್ ಹಿಡಿದು ತುಂಬಾ ಹೊತ್ತು ಹುಡುಕಿದ ಮೇಲೆ ಒಂದು ಕಲ್ಲು ಮೊಟ್ಟೆಯಾಯಿತು. ಆಮೇಲೆ ಪಕ್ಕದ ಮೂರೂ ಮೊಟ್ಟೆಗಳಾದವು. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ, ಚೂಪು ತುದಿಗಳೆಲ್ಲ ಒಳಮುಖ. ಬೈನಾಕ್ಯುಲರ್ ಇಳಿಸಿ ಮತ್ತೆ ಎತ್ತಿದರೆ ಪುನಃ ಕಲ್ಲುಗಳೇ.

ಇದಕ್ಕೆ ಏನು ಹೇಳೋಣ? ‘ಛದ್ಮವೇಷ’ ಅಂತ ಬರೆಯುವುದನ್ನು ಓದಿದ್ದೇನೆ. ನನಗೆ ಒಪ್ಪಿಗೆ ಇಲ್ಲ. ಛದ್ಮ ಅಂದರೆ ಕಪಟ, ವೇಷ ಅಂದರೆ ಹಾಕಿ ಕಳಚುವಂಥದ್ದು. ಮೊಟ್ಟೆಗೆ ಅದು ಹುಟ್ಟುಬಣ್ಣ. ‘ಮರೆಮಾಚು’ ಇನ್ನೂ ದೂರ. ಮರೆಮಾಚಲು ಮೊದಲು ಒಂದು ಮರೆ ಬೇಕು, ಅಲ್ವಾ? ಇಲ್ಲಿ ಪೊದೆ ಇಲ್ಲ, ಎಲೆ ಇಲ್ಲ, ಎಲ್ಲಾ ಬಟಾಬಯಲು. ‘ಕಣ್ಕಟ್ಟು’ ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಜಾದೂಗಾರನ ಕೈಚಳಕದ ವಾಸನೆ ಜಾಸ್ತಿ.

ನತ್ತಿಂಗ ಅನ್ನುವ ಇರುಳುಹಕ್ಕಿಯ ವಿಷಯ ಬೇರೆ. ಅದು ತರಗೆಲೆಯ ಮೇಲೆ ಸುಮ್ನೆ ಮೊಟ್ಟೆ ಇಟ್ಟು, ತಾನೇ ತರಗೆಲೆಯ ಹಾಗೆ ಅಲುಗಾಡದೆ ಕೂರುತ್ತದೆ. ಅಲ್ಲಿ ಮೊಟ್ಟೆಗೆ ಹಕ್ಕಿಯ ಮೈಯೇ ಮರೆ. ಟಿಟ್ಟಿಭ ಅಪಾಯ ಕಂಡರೆ ಎದ್ದು ಹೋಗುತ್ತದೆ, ಮೊಟ್ಟೆ ತನ್ನ ಬಣ್ಣವನ್ನೇ ನಂಬಿಕೊಂಡು ಬಯಲಲ್ಲಿ ಬಿದ್ದಿರುತ್ತದೆ. ಎರಡಕ್ಕೂ ಒಂದೇ ಪದ ಹಾಕಿದರೆ ಈ ವ್ಯತ್ಯಾಸವೇ ಕಳೆದುಹೋಗುತ್ತದೆ.

ನನಗೆ ದಾರಿ ಸಿಕ್ಕಿದ್ದು ಒಡೆದ ಚಿಪ್ಪಿನಿಂದ. ಮರಿ ಹೊರಬಂದ ಮೇಲೆ ನೆಲದಲ್ಲಿ ಮೊಟ್ಟೆ ಇಡುವ ಎಷ್ಟೋ ಹಕ್ಕಿಗಳು ಚಿಪ್ಪನ್ನು ಕಚ್ಚಿಕೊಂಡು ಹೋಗಿ ದೂರ ಹಾಕುತ್ತವೆ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ವಿಜ್ಞಾನಿ ನಿಕೋ ಟಿನ್‌ಬರ್ಗನ್ ಮತ್ತು ಜೊತೆಗಾರರು ಇದನ್ನು ಕಡಲಹಕ್ಕಿಗಳಲ್ಲಿ ಪರೀಕ್ಷಿಸಿ 1962ರಲ್ಲಿ ಪ್ರಕಟಿಸಿದರು. ಒಡೆದ ಚಿಪ್ಪು ಪಕ್ಕದಲ್ಲಿದ್ದ ಮೊಟ್ಟೆಗಳು ಹೆಚ್ಚಾಗಿ ಮೊಟ್ಟೆ ಕದ್ದು ತಿನ್ನುವ ಹಕ್ಕಿಗಳ ಪಾಲಾಗಿದ್ದವು. ಚಿಪ್ಪಿನ ಒಳಗಿನ ಬಿಳಿ ಎದ್ದು ಕಾಣುತ್ತದೆ ನೋಡಿ. ಈ ‘ಎದ್ದು ಕಾಣು’ ಎಷ್ಟು ಚೆನ್ನಾದ ಮಾತು! ಸುತ್ತಲಿನದ್ದು ಮಲಗಿರುತ್ತದೆ, ಇದೊಂದು ಎದ್ದಿರುತ್ತದೆ. ನನಗೆ ಬೇಕಾದದ್ದು ಇದರ ಎದುರು ಪದ. ‘ಕಾಣದು’ ಅಂದರೆ ಸಾಲದು. ಮೊಟ್ಟೆ ಕಾಣುತ್ತಲೇ ಇದೆ, ಬೇರೆಯಾಗಿ ಕಾಣುತ್ತಿಲ್ಲ ಅಷ್ಟೇ.

ಸದ್ಯಕ್ಕೆ ‘ನೆಲದಲ್ಲಿ ಕಲೆತುಹೋಗಿದೆ’ ಅಂತ ಬರೆದಿದ್ದೇನೆ. ಬೆರೆತದ್ದು ಅನ್ನುವ ಅರ್ಥವೂ ಬಂತು, ಮೈಮೇಲಿನ ಕಲೆಯ ನೆನಪೂ ಆಯಿತು. ಆದರೆ ಇದರಿಂದ ಒಂದು ನಾಮಪದ ಮಾಡಲು ಹೋದರೆ ಬಾಯಿಗೆ ಹೊಂದುತ್ತಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ಇದನ್ನು ಗೂಡು ಅನ್ನಬಹುದೇ? ಹಕ್ಕಿ ಏನೂ ಕಟ್ಟಿಲ್ಲ. ಎದೆಯಿಂದ ಒತ್ತಿ ಕಾಲಿಂದ ಕೆದರಿ ಮಾಡಿದ ತಗ್ಗು, ಅಂಚಿಗೆ ನಾಲ್ಕು ಕಲ್ಲು. ‘ಗುಳಿ’ ಸರಿಹೋಗಬಹುದೇನೋ.

ಹೊಲದಲ್ಲಿ ಉಳುವವರು, ಕುರಿ ಮೇಯಿಸುವವರು ಇಂಥ ಮೊಟ್ಟೆ ಕಂಡಾಗ ಏನಂತಾರೆ? ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿದ ಮಾತಿದ್ದರೆ, ಕೇಳಿದ ಹಾಗೆಯೇ ಬರೆದು ಕಳಿಸಿ. ಮೊಟ್ಟೆ ಒಡೆಯಲು ಒಟ್ಟು 4 ವಾರ ಬೇಕು. ಅಷ್ಟರೊಳಗೆ ಪದ ಸಿಕ್ಕರೆ ಮರಿಗಳ ಬಗ್ಗೆ ಬರೆಯುವಾಗ ಅದನ್ನೇ ಬಳಸುತ್ತೇನೆ.