ಕೆನಡಾ ಸಂಗಾತಿ ಸ್ಪಾನ್ಸರ್‌ಶಿಪ್: ಬರಲೊಲ್ಲದ ವಯಸ್ಕ ಮಗನ ವೈದ್ಯಕೀಯ ಪರೀಕ್ಷೆ, ಸಹಾಯ ಬೇಕು

ನಾನು ಕೆನಡಾದ ಪೌರನಾಗಿದ್ದು, ಮೈಸೂರಿನಲ್ಲಿರುವ ಪತ್ನಿಯನ್ನು ಕಾಯಂ ನಿವಾಸಕ್ಕೆ ಸ್ಪಾನ್ಸರ್ ಮಾಡುತ್ತಿದ್ದೇನೆ. ಆಕೆಯ ಮೊದಲ ಮದುವೆಯ ಮಗನಿಗೆ ಈಗ 21 ವರ್ಷ. ಅವಿವಾಹಿತ, ಇಂಜಿನಿಯರಿಂಗ್ ಓದುತ್ತಿದ್ದಾನೆ, ಊರು ಬಿಟ್ಟು ಬರುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದ್ದಾನೆ. ಅದು ಅವನ ಇಷ್ಟ, ಬಲವಂತಪಡಿಸುವ ಉದ್ದೇಶ ನಮಗಿಲ್ಲ.

ಆದರೆ 22 ತುಂಬದ ಅವಿವಾಹಿತ ಮಕ್ಕಳು ಜೊತೆಗೆ ಬರದಿದ್ದರೂ ಅವರ ಹೆಸರನ್ನು ಅರ್ಜಿಯಲ್ಲಿ ತೋರಿಸಿ, ವೈದ್ಯಕೀಯ ಪರೀಕ್ಷೆಯನ್ನೂ ಪೊಲೀಸ್ ಪ್ರಮಾಣಪತ್ರವನ್ನೂ ಪೂರೈಸಬೇಕೆಂಬ ನಿಯಮವಿದೆ; ಪರೀಕ್ಷೆಗೆ ಒಳಪಡದ ಮಗನನ್ನು ಮುಂದೆ ಕುಟುಂಬ ವರ್ಗದಲ್ಲಿ ಸ್ಪಾನ್ಸರ್ ಮಾಡಲು ಕೆನಡಾ ವಲಸೆ ನಿಯಮಾವಳಿಯ 117(9)(ಡಿ) ನಿಯಮ ಸಾಮಾನ್ಯವಾಗಿ ಅಡ್ಡ ಬರುತ್ತದೆ. ನಾವು ಅವನ ಹೆಸರನ್ನು 'ಜೊತೆಗೆ ಬರುವುದಿಲ್ಲ' ಎಂದೇ ನಮೂದಿಸಿದ್ದೇವೆ. ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಪ್ರಮಾಣಪತ್ರ ಕೈಸೇರಿದೆ. ಬೆಂಗಳೂರಿನ ಪ್ಯಾನೆಲ್ ವೈದ್ಯರ (ಕೆನಡಾ ವಲಸೆ ಇಲಾಖೆ ಮಾನ್ಯ ಮಾಡಿದ ವೈದ್ಯರ) ಬಳಿ ಎಕ್ಸ್‌ರೇ, ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಮಾತ್ರ, 'ಹೋಗದ ದೇಶಕ್ಕೆ ನನ್ನ ರಕ್ತ ಯಾಕೆ?' ಎಂದು ಅವನು ಒಪ್ಪುತ್ತಿಲ್ಲ. (ಪ್ರಶ್ನೆಯಲ್ಲಿ ತರ್ಕವೇನೋ ಇದೆ!) ಸಲಹೆಗಾರರೊಬ್ಬರು ಅರ್ಜಿಯೇ ತಿರಸ್ಕೃತವಾಗುತ್ತದೆ ಎಂದರು, ಇನ್ನೊಬ್ಬರು ತಾಯಿ ಲಿಖಿತ ಹೇಳಿಕೆ ಕೊಟ್ಟರೆ ಸಾಕೆಂದರು.

ಇಂಥ ಸ್ಥಿತಿ ಎದುರಿಸಿದವರು ದಯವಿಟ್ಟು ತಿಳಿಸಿ: ಪರಿಣಾಮ ಅರಿತೇ ಮಗನ ಪರೀಕ್ಷೆಯನ್ನು ಕೈಬಿಡುತ್ತಿದ್ದೇವೆಂಬ ತಾಯಿಯ ಸಹಿಯುಳ್ಳ ಹೇಳಿಕೆಯನ್ನು ಅಧಿಕಾರಿಗಳು ಒಪ್ಪಿ ಆಕೆಯ ಅರ್ಜಿಯನ್ನು ಮುಂದುವರಿಸಿದರೇ, ಅಥವಾ ಪರೀಕ್ಷೆ ಆಗಲೇಬೇಕೆಂದು ಪಟ್ಟು ಹಿಡಿದರೇ?