ಅಪ್‌ಡೇಟ್: ವಾಟರ್‌ಲೂ ಸಿನಾರಿಯೊವನ್ನು ಚಿಕ್ಕ ಮೇಜಿನ ಮೇಲೆ ಆಡಿದ್ದು

ನಾವು ಆಡುವುದು ಮೇಜಿನ ಮೇಲೆ ಸೈನಿಕರ ಗೊಂಬೆ ಇಟ್ಟು ಹಳೆಯ ಯುದ್ಧಗಳನ್ನು ಆಡುವ ಆಟ; ಯಾವ ಯುದ್ಧವನ್ನು ಹೇಗೆ ಆಡಬೇಕು ಅಂತ ಹೇಳುವುದು ಸಿನಾರಿಯೊ ಪುಸ್ತಕ. ಅದರಲ್ಲಿರುವ, ನೆಪೋಲಿಯನ್ನನ ಫ್ರೆಂಚ್ ಸೇನೆ ಸೋತ ಇಡೀ ವಾಟರ್‌ಲೂ ಯುದ್ಧಕ್ಕೆ ಬೇಕಾಗುವಷ್ಟು ಗೊಂಬೆಗಳಿಲ್ಲ, ಮೇಜೂ ಚಿಕ್ಕದು, ಏನು ಮಾಡಲಿ ಅಂತ ಕೇಳಿದ್ದೆ. ಕೊನೆಗೂ ಆಟ ಚೆನ್ನಾಗಿ ಕೂತಿತು.

ಪ್ರತಿ ದಳವನ್ನೂ ಅರ್ಧಕ್ಕೆ ಇಳಿಸುವ ಸಲಹೆ ನಮಗೆ ಸರಿಹೋಗಲಿಲ್ಲ. ಗುಂಡು ಹೋಗುವ ದೂರ ಹಾಗೇ ಉಳಿಯಿತು, ಸಾಲುಗಳ ನಡುವೆ ಖಾಲಿ ಜಾಗ ಜಾಸ್ತಿಯಾಯಿತು. ಕುದುರೆ ಸವಾರರು ಸುಮ್ನೆ ನುಗ್ಗಿಬಿಡುತ್ತಿದ್ದರು.

‘ಯುದ್ಧದ ಒಂದು ತುಂಡನ್ನಷ್ಟೇ ಆಡಿ’ ಅಂದವರ ಮಾತು ಫಲ ಕೊಟ್ಟಿತು. ಅವರಿಗೆ ತುಂಬಾ ಥ್ಯಾಂಕ್ಸ್! ಆ ರಣರಂಗದಲ್ಲೇ ಇದ್ದ ಲಾ ಏ ಸ್ಯಾಂತ್ ಅನ್ನುವ ತೋಟದ ಮನೆಯನ್ನು ಆರಿಸಿಕೊಂಡೆವು. 1815ರ ಜೂನ್ 18ರ ಬೆಳಿಗ್ಗೆ ಅದನ್ನು ಕಾಯುತ್ತಿದ್ದವರು ಬ್ರಿಟಿಷ್ ಸೇನೆಯಲ್ಲಿದ್ದ ಸುಮಾರು 400 ಜರ್ಮನ್ನರು, ಮೇಜರ್ ಬೇರಿಂಗ್ ಅವರ ಕೈಕೆಳಗೆ. ಇಷ್ಟು ಜನಕ್ಕೆ ಗೊಂಬೆ ಹೊಂದಿಸುವುದು ಕಷ್ಟವಲ್ಲ.

ಓದುತ್ತಾ ಹೋದಂತೆ ಆಶ್ಚರ್ಯವಾಯಿತು. ಹಿಂದಿನ ರಾತ್ರಿಯ ಮಳೆ ಚಳಿಗೆ ಸೈನಿಕರು ಕಣಜದ ಬಾಗಿಲನ್ನೇ ಒಡೆದು ಸೌದೆ ಮಾಡಿದ್ದರಂತೆ. ಮರುದಿನ ಫ್ರೆಂಚರು ಕಣಜಕ್ಕೆ ಬೆಂಕಿ ಹಚ್ಚಿದಾಗ ಅಡುಗೆ ಪಾತ್ರೆಗಳಲ್ಲಿ ನೀರು ತಂದು ಆರಿಸಿದರು. ಬೇರಿಂಗ್ ಮತ್ತೆ ಮತ್ತೆ ಮದ್ದುಗುಂಡು ಕೇಳಿದರೂ ಬಂದದ್ದು ಹೆಚ್ಚುವರಿ ಸೈನಿಕರು ಮಾತ್ರ. ಸಂಜೆ ಮನೆ ಫ್ರೆಂಚರ ವಶವಾದದ್ದು ಮದ್ದುಗುಂಡು ಮುಗಿದದ್ದರಿಂದಲೇ ಅಲ್ವಾ?

ಹಾಗಾಗಿ ಬಾಗಿಲಿಲ್ಲದ ಕಣಜ ಇಟ್ಟೆವು. ಪ್ರತಿ ದಳಕ್ಕೂ ಗುಂಡಿನ ಲೆಕ್ಕ ಹಾಕಿ, ಹಾರಿಸಿದಾಗಲೆಲ್ಲ ಒಂದು ಗೀಟು ಹೊಡೆದೆವು. ಕಾಯುವವನು ಯಾವಾಗ ಹಾರಿಸಬೇಕು ಅಂತ ಯೋಚಿಸುವುದೇ ಆಟದ ಜೀವ. ನೀವೂ ಇದನ್ನು ಆಡುವುದಾದರೆ, ಆ ಲೆಕ್ಕದ ಚೀಟಿ ಫ್ರೆಂಚರ ಕಡೆಯವರಿಗೆ ಕಾಣದ ಹಾಗೆ ಇಟ್ಟುಕೊಳ್ಳಿ.