ಕೆಮ್ಮಿದರೆ ಎದೆಬಡಿತ ಸರಿಹೋಗುತ್ತದಾ?

ದೊಡ್ಡಪ್ಪ: (ಫಾರ್ವರ್ಡ್) ಎದೆಬಡಿತ ಮಧ್ಯೆ ತಪ್ಪಿದರೆ ಅದು ಹಾರ್ಟ್ ಅಟ್ಯಾಕ್ ಸೂಚನೆ! ತಕ್ಷಣ ಜೋರಾಗಿ ಕೆಮ್ಮುತ್ತಾ ಇರಿ. ಎಲ್ಲರಿಗೂ ಕಳಿಸಿ.

ಚಿಕ್ಕಮ್ಮ: ಅಯ್ಯೋ, ನನಗೆ ಎಡಮಗ್ಗುಲಾಗಿ ಮಲಗಿದರೆ ಹೀಗೇ ಆಗುತ್ತದೆ. ಒಂದು ಬಡಿತ ಇರುವುದೇ ಇಲ್ಲ, ಆಮೇಲೆ ದಬಕ್ ಅಂತ ಒಂದು.

ಅಣ್ಣ: ಅದು ಬರೀ ಗ್ಯಾಸ್ ಚಿಕ್ಕಮ್ಮ. ಸುಮ್ನೆ ಹೆದರಬೇಡಿ.

ಅಕ್ಕ: ಅಣ್ಣ, ಹಾಗೆ ತಳ್ಳಿಹಾಕಬೇಡ. ದೊಡ್ಡಪ್ಪ, ನೀವು ಆ ಮೆಸೇಜ್ ಡಿಲೀಟ್ ಮಾಡಿ.

ದೊಡ್ಡಪ್ಪ: ಡಾಕ್ಟರೇ ಬರೆದದ್ದು ಅಂತ ಇದೆಯಲ್ಲಮ್ಮ.

ಅಕ್ಕ: ಯಾವ ಡಾಕ್ಟರು? ಹೆಸರೇ ಇಲ್ಲ! ಕೆಮ್ಮಿಸುವುದು ಆಸ್ಪತ್ರೆಯಲ್ಲಿ, ಮಾನಿಟರ್ ನೋಡುತ್ತಾ, ಕೆಲವೇ ಕ್ಷಣ. ಮನೆಯಲ್ಲಿ ಎದೆನೋವು ಬಂದವರು ಕೆಮ್ಮುತ್ತಾ ಕೂತರೆ ಆಂಬುಲೆನ್ಸ್ ಕರೆಯುವುದು ತಡವಾಗುತ್ತದೆ, ಅಷ್ಟೇ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ ಜನರಿಗೆ ಇದನ್ನು ಹೇಳಿಕೊಡುವುದಿಲ್ಲ.
ಚಿಕ್ಕಮ್ಮ, ಸಾಮಾನ್ಯವಾಗಿ ಅಲ್ಲಿ ಬಡಿತ ತಪ್ಪಿರುವುದಿಲ್ಲ. ಒಂದು ಬಡಿತ ಅವಸರದಲ್ಲಿ ಮೊದಲೇ ಬಂದಿರುತ್ತದೆ. ಆಗ ಹೃದಯದಲ್ಲಿ ರಕ್ತ ಪೂರ್ತಿ ತುಂಬಿರುವುದಿಲ್ಲ, ಅದಕ್ಕೇ ನಾಡಿ ಹಿಡಿದರೆ ಅದು ಕೈಗೆ ಸಿಗುವುದಿಲ್ಲ. ಆಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಜಾಸ್ತಿ ರಕ್ತ ತುಂಬಿಕೊಳ್ಳುತ್ತದೆ. ನಿಮ್ಮ ‘ದಬಕ್’ ಅದೇ.

ಚಿಕ್ಕಮ್ಮ: ಬಿಪಿ ಮಿಷನ್ನು ನಾಡಿ 42 ಅಂತ ತೋರಿಸಿತ್ತು ಕಣೇ.

ಅಕ್ಕ: ಒಂದು ಬಿಟ್ಟು ಒಂದು ಬಡಿತ ಹೀಗೆ ಬಂದರೆ ಮಿಷನ್ನು ಅರ್ಧ ಮಾತ್ರ ಎಣಿಸುತ್ತದೆ. ನಿಜವಾಗಿ 84 ಇದ್ದಿರಬಹುದು. ಇಸಿಜಿ ಮಾಡಿಸದೆ ಹೇಳಲಾಗದು.

ಅಣ್ಣ: ಅಂದರೆ ಏನೂ ಇಲ್ಲ ಅಂತಲೇ ಅಲ್ವಾ? ನಾನೂ ಅದನ್ನೇ ಹೇಳಿದ್ದು.

ಅಕ್ಕ: ಹೃದಯ ಚೆನ್ನಾಗಿದ್ದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ದಿನಕ್ಕೆ ಸುಮಾರು 1 ಲಕ್ಷ ಬಡಿತ, ಅದರಲ್ಲಿ ಕೆಲವು ನೂರು ಹೀಗಿದ್ದರೆ ಇರಲಿ. ಆದರೆ ಹೃದಯದ ಕೆಳಗಿನ ಕೋಣೆಯಿಂದ ಬರುವ ಇಂಥವು ನೂರಕ್ಕೆ 10-15 ದಾಟಿ ತಿಂಗಳುಗಟ್ಟಲೆ ಹೀಗೇ ಇದ್ದರೆ ಕೆಲವರಲ್ಲಿ ಹೃದಯದ ಸ್ನಾಯು ಸೋಲುತ್ತದೆ. ಅದಕ್ಕೇ 24 ಗಂಟೆ ಹೋಲ್ಟರ್ (ಮೈಗೆ ಕಟ್ಟುವ ಪುಟ್ಟ ಇಸಿಜಿ ಮಿಷನ್ನು) ಹಾಕಿ ಎಣಿಸುವುದು, ಎಕೋ (ಹೃದಯದ ಸ್ಕ್ಯಾನ್) ಮಾಡುವುದು.

ದೊಡ್ಡಪ್ಪ: ಮಾತ್ರೆ ಕೊಟ್ಟು ನಿಲ್ಲಿಸಬಾರದಾ?

ಅಕ್ಕ: ಹಿಂದೆ ಹಾಗೇ ಅಂದುಕೊಂಡಿದ್ದರು ದೊಡ್ಡಪ್ಪ. ಹಾರ್ಟ್ ಅಟ್ಯಾಕ್ ಆದವರಿಗೆ ಈ ಬಡಿತ ಅಡಗಿಸುವ ಮಾತ್ರೆ ಕೊಟ್ಟು ನೋಡಿದರು. ಬಡಿತವೇನೋ ಅಡಗಿತು, ಆದರೆ ಮಾತ್ರೆ ತೆಗೆದುಕೊಂಡವರೇ ಜಾಸ್ತಿ ಸತ್ತರು. 1989ರಲ್ಲಿ ಆ ವಿಷಯ ಹೊರಬಂತು. ಈಗ ಕೊಡುವುದಾದರೂ ಪರೀಕ್ಷೆ ಮಾಡಿ, ಆಳು ನೋಡಿ ಕೊಡುತ್ತಾರೆ. ಮೊದಲು ಥೈರಾಯ್ಡ್, ರಕ್ತಹೀನತೆ, ಪೊಟ್ಯಾಸಿಯಂ ನೋಡುತ್ತಾರೆ.

ಚಿಕ್ಕಮ್ಮ: ಕಾಫಿ ಬಿಡಬೇಕೇನೇ?

ಅಕ್ಕ: ಕೆಲವರಿಗೆ ಜಾಸ್ತಿಯಾಗುತ್ತದೆ, ಕೆಲವರಿಗೆ ಇಲ್ಲ. ಬಿಟ್ಟು ನೋಡಿ. ನಿದ್ದೆ ಮಾತ್ರ ಕೆಡಿಸಿಕೊಳ್ಳಬೇಡಿ. ಇನ್ನೊಂದು, ತಲೆ ಸುತ್ತುವುದು, ಕಣ್ಣು ಕತ್ತಲಿಡುವುದು, ಏದುಸಿರು, ಇವೇನಾದರೂ ಇದೆಯಾ?

ಚಿಕ್ಕಮ್ಮ: ಹೋದ ವಾರ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟಿತ್ತು. ಗ್ಯಾಸ್ ಇರಬೇಕು ಅಂದುಕೊಂಡೆ.

ಅಕ್ಕ: ಚಿಕ್ಕಮ್ಮ, ಇವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಒಬ್ಬರೇ ಹೋಗಬೇಡಿ. ಅಣ್ಣ, ಓದಿದೆಯಾ?

ಅಣ್ಣ: ಓದಿದೆ. ಹೊರಟೆ, ಚಿಕ್ಕಮ್ಮ ರೆಡಿಯಾಗಿರಿ.